ನೆಳ್ಳು ಗಿಡ್ಡಾದ್ರ ಒಳಗ: ಶಹಾಬಾದ್ ಸೀಮೆಯ ಒಂದು ಅಂಗನವಾಡಿಯ ಬೇಸಿಗೆ ಪಾಠ

ಏಪ್ರಿಲ್ ಮೂರನೇ ವಾರ, ಕಲಬುರಗಿ ಜಿಲ್ಲೆಯ ಶಹಾಬಾದ್ ಸೀಮೆಯ ಒಂದು ಹಳ್ಳಿ. ಅಂಗನವಾಡಿಗೆ ಬೆಳಗಿನ ಪಾಳಿ. ಎಂಟಕ್ಕೆ ಬಾಗಿಲು ತೆರೆದು, ಆಡಿಸಿ, ಊಟ ಬಡಿಸಿ, 12:15ಕ್ಕೆ ಮಕ್ಕಳನ್ನು ಬಿಡುತ್ತಾರೆ. ಬಿಸಿಲೇರುವ ಮೊದಲೇ ಕೂಸುಗಳು ಮನೆ ಸೇರಲಿ ಎಂದೇ ಈ ಪಾಳಿ ಮಾಡಿದ್ದು. ಆದರೆ ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಕಲಬುರಗಿ ಇರುವುದು ಸುಮಾರು 76.8 ಡಿಗ್ರಿಯಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲ, 12:20ರ ಸುಮಾರಿಗೆ. ಮೂರು ವರ್ಷದ ಮಗು ಹೊಸ್ತಿಲು ದಾಟಿ ಅಂಗಳಕ್ಕೆ ಕಾಲಿಡುವುದು ಸರಿಯಾಗಿ ಆ ಹೊತ್ತಿಗೇ.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣವಿದೆ. ಈ ಕೇಂದ್ರದಲ್ಲಿ ಬಿಸಿಲಿನ ಬಗ್ಗೆ ಹೇಳಿಕೊಡುತ್ತಲೇ ಇದ್ದರು. ಗೋಡೆಗೆ ಚಿತ್ರ ಅಂಟಿಸಿದ್ದರು. "ಬಿಸಲಾಗ ಆಡಬ್ಯಾಡ್ರಿ, ನೀರ್ ಕುಡೀರಿ, ಚಪ್ಪಲ್ ಹಾಕ್ಕೋರಿ" ಎಂಬ ಮೂರು ಮಾತನ್ನು ಮಕ್ಕಳು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದರು. ಒಪ್ಪಿಸಿ ಮುಗಿಸಿ ಬರಿಗಾಲಲ್ಲಿ ಜಾರುಬಂಡಿಯ ಕಡೆ ಓಡುತ್ತಿದ್ದರು. ನಾಲ್ಕು ವರ್ಷದ ಮಗುವಿಗೆ "ಬಿಸಿಲಿಗೆ ಹೋಗಬೇಡ" ಅನ್ನುವುದು ಪಾಠವಾಗುವುದಿಲ್ಲ. ಯಾವಾಗ ಹೋಗಬಾರದು, ಹೋಗದೆ ಎಲ್ಲಿರಬೇಕು, ಅದು ತನಗೆ ಗೊತ್ತಾಗುವುದು ಹೇಗೆ ಎಂಬುದು ಆ ಮಾತಿನಲ್ಲಿ ಇಲ್ಲ. ಕಣ್ಣಿಗೆ ಕಾಣುವ ಒಂದು ಗುರುತು ಬೇಕು, ಗುರುತು ಕಂಡ ಕೂಡಲೇ ಮಾಡುವ ಒಂದು ಕೆಲಸ ಬೇಕು. ಆ ಕೆಲಸ ಮಾಡಲು ದೊಡ್ಡವರು ದಾರಿ ಸುಗಮ ಮಾಡಿಟ್ಟಿರಬೇಕು. ಈ ಮೂರನೆಯದನ್ನು ಮರೆತರೆ ಮೊದಲಿನೆರಡೂ ದಂಡ.

ಜಾಗ ಹೇಗಿತ್ತು

ಒಂದು ಕೋಣೆ, ಕಾಂಕ್ರೀಟ್ ಮಾಳಿಗೆ, ಅದರ ಮೇಲೆ ಕರಿ ನೀರಿನ ಟಾಕಿ. ಮುಂದೆ ಉತ್ತರಕ್ಕೆ ಮುಖ ಮಾಡಿದ ಕಟ್ಟೆ, ಕಟ್ಟೆಗೂ ಅಂಗಳಕ್ಕೂ ಶಹಾಬಾದ್ ಫರಸಿ, ಅಂದರೆ ಹಾಸುಗಲ್ಲು. ಅಂಗಳದ ನಡುವೆ ಕಬ್ಬಿಣದ ಜಾರುಬಂಡಿ, ಮೂಲೆಯಲ್ಲಿ ಒಂದು ಬೇವಿನ ಮರ. ಬೇವು ಫಾಲ್ಗುಣದಲ್ಲಿ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಚಿಗುರುವ ಮರವಾದ್ದರಿಂದ ಏಪ್ರಿಲ್‌ನಲ್ಲಿ ಅದರ ನೆರಳು ದಟ್ಟ. ಹಿಂದುಗಡೆ ಪತ್ರಾಸಿನ (ತಗಡಿನ) ಮುಚ್ಚಿಗೆಯ ಶೌಚಾಲಯ, ಅದಕ್ಕೆ ಬೀಗ. ಇಪ್ಪತ್ತರ ಆಸುಪಾಸು ಮಕ್ಕಳು, ಮೂರರಿಂದ ಆರು ವರ್ಷದವರು. ಹೆಚ್ಚಿನವರನ್ನು ಕರೆದೊಯ್ಯುವುದು ಎಂಟು ಹತ್ತು ವರ್ಷದ ಅಕ್ಕ ಅಣ್ಣಂದಿರು, ಇಲ್ಲವೇ ಅಜ್ಜಿ.

ಇಲ್ಲಿ ಎರಡು ಬೇರೆ ಬೇರೆ ಅಪಾಯಗಳು ಒಂದೇ ಹೆಸರಿನಲ್ಲಿ ಅಡಗಿವೆ. ಒಂದು ಬಿಸಿಲು, ಇನ್ನೊಂದು ಝಳ. ನೇರಳಾತೀತ ಕಿರಣ ಹೆಚ್ಚಿರುವುದು ಸೂರ್ಯ ಎತ್ತರದಲ್ಲಿರುವಾಗ, ಅಂದರೆ 12:20ರ ಆಚೆ ಈಚೆ. ಗಾಳಿಯ ಕಾವು ಹೆಚ್ಚುವುದು ಅದಾದ ಮೇಲೆ, ಎರಡರಿಂದ ನಾಲ್ಕರ ನಡುವೆ. ಮಗುವಿನ ಕಣ್ಣು, ಚರ್ಮಕ್ಕೆ ಮೊದಲನೆಯದು ಕೆಟ್ಟದ್ದು. ಜೀವಕ್ಕೆ ಕುತ್ತು ತರುವುದು ಎರಡನೆಯದು. ನಮ್ಮ ಮಕ್ಕಳ ಕಪ್ಪು ಚರ್ಮ ಸುಟ್ಟುಕೊಳ್ಳುವುದು ಕಡಿಮೆ ಎಂಬುದು ನಿಜ. ಆದರೆ ಬಣ್ಣ ಕಣ್ಣನ್ನು ಕಾಯುವುದಿಲ್ಲ, ಮೈಯ ಕಾವನ್ನೂ ಇಳಿಸುವುದಿಲ್ಲ. ಚಿಕ್ಕ ಮಕ್ಕಳ ಮೈತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಸುತ್ತಲ ಕಾವು ಬೇಗ ಮೈಗೆ ಹತ್ತುತ್ತದೆ. ಬೆವರು ದೊಡ್ಡವರಷ್ಟು ಬರುವುದಿಲ್ಲ. ಆಟದ ಗುಂಗಿನಲ್ಲಿ ಬಾಯಾರಿಕೆಯೂ ಗೊತ್ತಾಗುವುದಿಲ್ಲ.

ನೆರಳಿನ ಪಾಠ

ಮೊದಲ ವಾರ ಮಾಡಿದ್ದು ಇದೊಂದೇ, ಫಲ ಹೆಚ್ಚು ಕೊಟ್ಟದ್ದೂ ಇದೇ.

ಬೆಳಗ್ಗೆ 8:30ಕ್ಕೆ ಅಂಗಳದಲ್ಲಿ ಸುಣ್ಣದಿಂದ ಎರಡು ಪಾದ ಬರೆದರು. ಒಂದು ಮಗು ಅದರ ಮೇಲೆ ನಿಂತರೆ, ಇನ್ನೊಂದು ಮಗು ಅದರ ನೆರಳಿನ ತುದಿಗೆ ಸೀಮೆಸುಣ್ಣದ ಗೀಟು ಎಳೆಯಬೇಕು. ನಾಲ್ಕು ವರ್ಷದ ಮಗು ಹೆಚ್ಚು ಕಡಿಮೆ ಒಂದು ಮೀಟರ್ ಎತ್ತರ. ಏಪ್ರಿಲ್ 20ರ ಸುಮಾರಿಗೆ ಕಲಬುರಗಿಯಲ್ಲಿ 8:30ಕ್ಕೆ ಅದರ ನೆರಳು ಒಂದೂವರೆ ಮೀಟರ್. 9:15ರ ಹೊತ್ತಿಗೆ ನೆರಳೂ ಮಗುವೂ ಸಮ. 10:30ಕ್ಕೆ ನೆರಳು ಅರ್ಧ ಮೀಟರ್. 12:20ಕ್ಕೆ ಅರ್ಧ ಗೇಣು, ಮಗುವಿನ ಅಂಗಾಲಿನ ಸುತ್ತಲೇ ಮುದುಡಿ ಕೂತಿರುತ್ತದೆ. ನೆರಳು ಮೈಗಿಂತ ಗಿಡ್ಡವಾದರೆ ಸೂರ್ಯ 45 ಡಿಗ್ರಿ ದಾಟಿ ಮೇಲೇರಿದ ಎಂದರ್ಥ, ಕಿರಣ ಬಿರುಸಾಯಿತು ಎಂದರ್ಥ. ಮತ್ತೆ ಸಮವಾಗುವುದು ಮಧ್ಯಾಹ್ನ 3:30ರ ಹೊತ್ತಿಗೆ. ಗಡಿಯಾರ ಓದಲು ಬಾರದ ಮಗುವಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಇಲ್ಲ. ಬ್ಯಾಟರಿ ಬೇಡ, ಸೂರ್ಯನ ಕಡೆ ತಲೆ ಎತ್ತಿ ನೋಡುವ ಅಪಾಯವೂ ಇಲ್ಲ. ಸೂರ್ಯನನ್ನು ನೆಟ್ಟು ನೋಡಬಾರದು ಎಂಬುದನ್ನು ಇದೇ ಪಾಠದಲ್ಲಿ ಸೇರಿಸಿ ಹೇಳಬೇಕು: "ಮ್ಯಾಲ ನೋಡಬ್ಯಾಡ, ಕೆಳಗ ನೆಳ್ಳು ನೋಡು."

ಅಕ್ಕೋರು, ಅಂದರೆ ಅಂಗನವಾಡಿ ಕಾರ್ಯಕರ್ತೆ, ಕಟ್ಟಿದ ಸಾಲು ಹೀಗಿತ್ತು: "ನೆಳ್ಳು ಉದ್ದ, ಅಂಗಳ ನಮ್ದು. ನೆಳ್ಳು ಗಿಡ್ಡ, ಬೇವಿನ ಬುಡ." ಸಾಲು ಹೇಳಿಸಿ ಬಿಡಲಿಲ್ಲ. ಪ್ರತಿ ಅರ್ಧ ತಾಸಿಗೆ ಒಬ್ಬರನ್ನು ಪಾದದ ಗುರುತಿನ ಮೇಲೆ ನಿಲ್ಲಿಸಿ ನೋಡಿಸಿದರು. ನೆರಳು ಸಮವಾದ ದಿನವೇ, ಸಮವಾದ ಗಳಿಗೆಯಲ್ಲೇ ಎಲ್ಲರೂ ಎದ್ದು ಬೇವಿನ ಬುಡಕ್ಕೆ ನಡೆಯಬೇಕು. ಹೇಳುವುದಕ್ಕೂ ನಡೆಯುವುದಕ್ಕೂ ನಡುವೆ ಹತ್ತು ನಿಮಿಷ ಬಿಟ್ಟರೆ ಈ ವಯಸ್ಸಿನ ಮಕ್ಕಳಿಗೆ ನಂಟು ತಪ್ಪಿಹೋಗುತ್ತದೆ. ಐದಾರು ದಿನಕ್ಕೆ ದೊಡ್ಡ ಮಕ್ಕಳು ತಾವಾಗಿಯೇ ಪಾದದ ಮೇಲೆ ನಿಂತು "ಗಿಡ್ಡ ಆತು" ಎಂದು ಕೂಗತೊಡಗಿದರು. ಮೂರು ವರ್ಷದವರಿಗೆ ಉದ್ದ ಗಿಡ್ಡದ ಹೋಲಿಕೆ ಇನ್ನೂ ಹತ್ತುವುದಿಲ್ಲ, ಅವರು ಕೂಗು ಕೇಳಿ ಹಿಂದೆ ಓಡುತ್ತಾರೆ. ಅಷ್ಟೇ ಸಾಕು.

ಒಂದು ಎಡವಟ್ಟು ಇಲ್ಲಿ ಆಗುವುದುಂಟು. ಬೇವಿನ ನೆರಳು ನಿಂತಲ್ಲಿ ನಿಲ್ಲುವುದಿಲ್ಲ. ಬೆಳಗ್ಗೆ ಪಡುವಣಕ್ಕೆ ಚಾಚಿರುತ್ತದೆ, ನಡುಹಗಲಿಗೆ ಬುಡಕ್ಕೆ ಬಂದು, ಆಮೇಲೆ ಮೂಡಣಕ್ಕೆ ಸರಿಯುತ್ತದೆ. ಎಂಟಕ್ಕೆ ಹಾಸಿದ ಜಮಖಾನೆ ಹತ್ತಕ್ಕೆ ಅರ್ಧ ಬಿಸಿಲಿನಲ್ಲಿರುತ್ತದೆ, ಜಾಗ ಬಿಡದ ಮಗು ಅಲ್ಲೇ ಕೂತಿರುತ್ತದೆ. ಉತ್ತರದ ಕಟ್ಟೆಯ ಕತೆಯೂ ಹೀಗೆಯೇ. ಏಪ್ರಿಲ್‌ನಲ್ಲಿ ಅದು ನೆರಳು ಕೊಡುತ್ತದೆ. ಮೇ 10ರ ಆಸುಪಾಸಿಗೆ ಕಲಬುರಗಿಯಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ಆಮೇಲೆ ನಡುಹಗಲಲ್ಲಿ ಉತ್ತರಕ್ಕೆ ವಾಲುತ್ತಾನೆ. ವರ್ಷವೆಲ್ಲ ತಂಪಾಗಿದ್ದ ಕಟ್ಟೆಗೆ ಆಗ ಬಿಸಿಲು ಇಣುಕುತ್ತದೆ.

ಫರಸಿ, ಚಪ್ಪಲಿ, ನಲ್ಲಿ

ಮಕ್ಕಳು ಚಪ್ಪಲಿ ಏಕೆ ಹಾಕುವುದಿಲ್ಲ ಎಂಬುದು ಮೊದಮೊದಲು ಹಟ ಅನ್ನಿಸಿತ್ತು. ಒಂದು ಮಧ್ಯಾಹ್ನ ನಾಲ್ಕು ವರ್ಷದ ಹುಡುಗಿಯೊಬ್ಬಳು ಮೆಟ್ಟಿಲ ಕೆಳಗಿನ ತನ್ನ ಚಪ್ಪಲಿಗೆ ಬಲಗಾಲು ತುರುಕಿ, ಚಟಕ್ಕನೆ ಹಿಂದೆ ತೆಗೆದು, ಎರಡನ್ನೂ ಬಾರಿನಲ್ಲಿ ಹಿಡಿದುಕೊಂಡು ಫರಸಿಯ ಮೇಲೆ ಒಂಟಿಗಾಲಲ್ಲಿ ಕುಪ್ಪಳಿಸುತ್ತ ಹೋದಳು. ಚಪ್ಪಲಿ ಬೆಳಗ್ಗೆ ಎಂಟರಿಂದ ಮೆಟ್ಟಿಲ ಕೆಳಗೆ ಬಿಸಿಲಿನಲ್ಲೇ ಇತ್ತು. ರಬ್ಬರಿನ ಅಟ್ಟೆ, ಕಬ್ಬಿಣದ ಬಕಲ್, ಎರಡೂ ಕಾದಿದ್ದವು. ಮಗುವಿನ ಲೆಕ್ಕ ಸರಿಯೇ ಇತ್ತು: ಹಾಕಿಕೊಂಡರೆ ಪಾದವಿಡೀ ಸುಡುತ್ತದೆ, ಹಾಕದಿದ್ದರೆ ಹೆಜ್ಜೆಗೊಮ್ಮೆ ಸುಡುತ್ತದೆ. ಚಪ್ಪಲಿಗಳನ್ನು ಒಳಗೆ ಬಾಗಿಲ ಪಕ್ಕದ ಗೋಣಿತಟ್ಟಿನ ಮೇಲೆ ಇಡಿಸಿದ ಮಾರನೆಯ ದಿನದಿಂದ ಚಪ್ಪಲಿಯ ಬಗ್ಗೆ ಯಾರಿಗೂ ಬುದ್ಧಿ ಹೇಳುವ ಕೆಲಸವೇ ಉಳಿಯಲಿಲ್ಲ.

ಬಿಸಿಯ ಪಾಠಕ್ಕೆ ಎರಡು ಫರಸಿ ಸಾಕು, ಒಂದು ನೆರಳಿನದು, ಒಂದು ಬಿಸಿಲಿನದು. ಇದನ್ನು 9:30ಕ್ಕೆ ಮಾಡಬೇಕು, 12ಕ್ಕಲ್ಲ. ದೊಡ್ಡವರು ಮೊದಲು ಮುಂಗೈ ಇಟ್ಟು ಐದು ಎಣಿಸಿ ನೋಡಬೇಕು. ಐದರ ತನಕ ತಡೆಯಲಾಗದಿದ್ದರೆ ಅದನ್ನು ಮಗು ಮುಟ್ಟುವಂತಿಲ್ಲ. ಈ ಕೇಂದ್ರದಲ್ಲಿ ಒಂದು ಮಗು ಎಣಿಕೆಯ ಆಟ ಕಲಿತು ತಾನೇ ಹೋಗಿ ಜಾರುಬಂಡಿಗೆ ಕೈಯಿಟ್ಟಿತು. ಬೊಬ್ಬೆ ಏಳಲಿಲ್ಲ, ಆದರೆ 60 ಡಿಗ್ರಿ ಕಾದ ಲೋಹ ಕೆಲವೇ ಸೆಕೆಂಡಿನಲ್ಲಿ ಎಳೆಯ ಚರ್ಮ ಸುಡಬಲ್ಲದು. ಆವತ್ತೇ ನಿಯಮ ತಿದ್ದಿದರು. ಮುಟ್ಟಿ ನೋಡುವವರು ಅಕ್ಕೋರು ಮಾತ್ರ, ಮಕ್ಕಳ ಕೆಲಸ ಎಣಿಸುವುದು. ಹಾಗೇನಾದರೂ ಸುಟ್ಟರೆ ತಣ್ಣೀರ ಧಾರೆಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬಾರದು.

ಆದರೆ ಆ ತಣ್ಣೀರು ನಲ್ಲಿಯದಾಗಿರಬಾರದು. ಕರಿ ಟಾಕಿಯಿಂದ ಬಿಸಿಲಲ್ಲಿ ಬಿದ್ದ ಪೈಪಿನ ಮೂಲಕ ಇಳಿಯುವ ಮೊದಲ ಒಂದೆರಡು ಚೊಂಬು ನೀರು ಕೈ ಸುಡುವಷ್ಟು ಕಾದಿರುತ್ತದೆ. ಊಟದ ಮುಂಚೆ ಕೈ ತೊಳೆಯಲು ಹೋದ ಮಕ್ಕಳು ಕೈ ತೊಳೆಯದೆ ಬರುತ್ತಿದ್ದುದಕ್ಕೂ ಇದೇ ಕಾರಣ. ಬೆಳಗ್ಗೆಯೇ ಎರಡು ಬಕೆಟ್ ತುಂಬಿ ಒಳಗಿಟ್ಟರೆ ತೀರಿತು.

ನೀರು, ಮತ್ತು ಬೀಗದ ಕೈ

2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ಕರ್ನಾಟಕದ ಶಾಲೆಗಳಿಗೂ ಬಂದ ನೀರಿನ ಗಂಟೆಯನ್ನು ಇಲ್ಲಿಯೂ ಹೊಡೆಯುತ್ತಿದ್ದರು, ದಿನಕ್ಕೆ ಎರಡು ಸಲ. ಗಂಟೆ ಹೊಡೆದಾಗ ಕೆಲವರು ಎರಡು ಲೋಟ ಗಟಗಟನೆ ಕುಡಿದು ಕಕ್ಕುತ್ತಿದ್ದರು, ಕೆಲವರು ತುಟಿ ಒದ್ದೆ ಮಾಡಿ ಓಡುತ್ತಿದ್ದರು. ಅದನ್ನು 40 ನಿಮಿಷಕ್ಕೊಮ್ಮೆ 100 ಮಿಲಿಲೀಟರ್‌ಗೆ ಬದಲಿಸಿದರು. ಚಹಾದ ಸಣ್ಣ ಸ್ಟೀಲ್ ಲೋಟ ತುಂಬಿದರೆ ಸರಿಸುಮಾರು ಅಷ್ಟೇ ಆಗುತ್ತದೆ. ಕೂತು, ಗುಟುಕು ಗುಟುಕಾಗಿ. 14 ಕಿಲೋ ತೂಗುವ ಮಗುವಿಗೆ ಸಾಧಾರಣ ದಿನದಲ್ಲೇ ಊಟ, ಹಾಲು, ನೀರು ಎಲ್ಲ ಸೇರಿ ಸುಮಾರು 1,200 ಮಿಲಿಲೀಟರ್ ದ್ರವ ಬೇಕು. ಇಲ್ಲಿನ ಏಪ್ರಿಲ್ ಸಾಧಾರಣ ತಿಂಗಳಲ್ಲ. ಮಣ್ಣಿನ ಹರವಿ ಈ ಒಣ ಹವೆಯಲ್ಲಿ ಚೆನ್ನಾಗಿ ತಂಪಿಡುತ್ತದೆ, ಗಾಳಿಯಾಡುವ ನೆರಳಲ್ಲಿ ಇಟ್ಟರೆ ಮಾತ್ರ. ಮೂಲೆಯಲ್ಲಿ ಇಟ್ಟು ಸುತ್ತ ಗೋಣಿ ಕಟ್ಟಿ ಅದನ್ನು ಒಣಗಲು ಬಿಟ್ಟರೆ ನೀರು ಆರುವುದಿಲ್ಲ. ಗೋಣಿ ಸದಾ ಹಸಿಯಿರಬೇಕು.

ಇಷ್ಟಾದರೂ ಮೂವರು ಹುಡುಗಿಯರು ನೀರು ಮುಟ್ಟುತ್ತಿರಲಿಲ್ಲ. ಕೇಳಿದರೆ ಉತ್ತರವಿಲ್ಲ. ಕಾರಣ ಹಿಂದುಗಡೆ ಇತ್ತು. ಶೌಚಾಲಯದ ಬೀಗದ ಕೈ ಅಕ್ಕೋರ ಪರ್ಸಿನಲ್ಲಿ, ಕೇಳಲು ಸಂಕೋಚ, ಒಳಗೆ ಹೋದರೆ ಪತ್ರಾಸಿನ ಝಳ. ನೀರು ಕುಡಿದರೆ ಅಲ್ಲಿಗೆ ಹೋಗಬೇಕಾಗುತ್ತದೆ ಎಂದು ನಾಲ್ಕು ವರ್ಷದ ಮಗು ಲೆಕ್ಕ ಹಾಕುತ್ತದೆ ಅನ್ನುವುದೇ ನೋವಿನ ಸಂಗತಿ. ಕೀಲಿ ಬಾಗಿಲ ಮೊಳೆಗೆ ಬಂತು, ಪತ್ರಾಸಿನ ಮೇಲೆ ಸುಣ್ಣ ಬಳಿದು ತೊಗರಿ ಕಟ್ಟಿಗೆಯ ಹೊರೆ ಹೊದಿಸಿದರು, ಸಹಾಯಕಿ ಪ್ರತಿ ನೀರಿನ ಹೊತ್ತಿನ ಮುಂಚೆ ತಾನೇ ಕರೆದೊಯ್ಯತೊಡಗಿದಳು. ನೀರಿನ ಪಾಠ ಹೇಳುವವರು ಮೊದಲು ನೋಡಬೇಕಾದದ್ದು ಶೌಚಾಲಯದ ಬಾಗಿಲನ್ನು.

ಒಂದು ಮಗು ಮೂಲೆ ಹಿಡಿದ ದಿನ

ಎರಡನೇ ವಾರದಲ್ಲಿ, 10:45ರ ಹೊತ್ತಿಗೆ, ಐದು ವರ್ಷದ ಹುಡುಗನೊಬ್ಬ ಆಟ ಬಿಟ್ಟು ಗೋಡೆಗೆ ಒರಗಿ ಕೂತ. ಮುಖ ಕೆಂಪಾಗಿತ್ತು, ಹಣೆ ಬೆವರಿತ್ತು. ಏನಾಯಿತು ಎಂದರೆ "ಹೊಟ್ಟಿ ನೋಯ್ಲತ್ತದ" ಎಂದ. ಈ ವಯಸ್ಸಿನ ಮಕ್ಕಳಿಗೆ ತಲೆಸುತ್ತು, ಓಕರಿಕೆ, ಸುಸ್ತು ಎಲ್ಲವೂ ಹೊಟ್ಟೆನೋವೇ. ಹಾಗಾಗಿ "ತಲಿ ತಿರಗ್ಲತ್ತದ", "ಹೊಟ್ಟಿ ತೊಳಸ್ಲತ್ತದ" ಎಂಬ ಎರಡು ಮಾತನ್ನು ಗಿರಗಿರ ತಿರುಗಿ ನಿಲ್ಲುವ ಆಟದ ಜೊತೆ ಹೇಳಿಕೊಡುವುದು ಒಳ್ಳೆಯದು. ಅದನ್ನು ಇಲ್ಲಿ ಈ ಘಟನೆಯ ನಂತರ ಸೇರಿಸಿದರು. ಆದರೆ ಮಗುವಿನ ಮಾತನ್ನೇ ನಂಬಿ ಕೂರುವಂತಿಲ್ಲ. ಆಡುತ್ತಿದ್ದ ಮಗು ಸುಮ್ಮನಾಯಿತು, ಸುಮ್ಮನಿರುವ ಮಗು ಕಿರಿಕಿರಿ ಮಾಡಿತು, ಅದೇ ಮೊದಲ ಸುಳಿವು.

ಥರ್ಮಾಮೀಟರ್ 38.2 ಡಿಗ್ರಿ ತೋರಿತು. ಹುಡುಗ ಒಮ್ಮೆ ಕಕ್ಕಿದ. ತನ್ನ ಹೆಸರು, ಅಣ್ಣನ ಹೆಸರು ಸರಿಯಾಗಿ ಹೇಳುತ್ತಿದ್ದ. ಇದು ಉಷ್ಣದ ಬಳಲಿಕೆ, ಉಷ್ಣಾಘಾತ ಅಲ್ಲ. ಒಳಗೆ ಮಲಗಿಸಿ, ನೈಲಾನ್ ಅಂಗಿ ಬಿಚ್ಚಿ, ಕಾಲು ಸ್ವಲ್ಪ ಎತ್ತರಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಫ್ಯಾನ್ ಹಚ್ಚಿದರು. ಮೈ ಒದ್ದೆಯಿದ್ದರೆ ಮಾತ್ರ ಫ್ಯಾನ್ ಕೆಲಸ ಮಾಡುತ್ತದೆ. ಕೋಣೆಯ ಕಾವು 40 ದಾಟಿದ ಮೇಲೆ ಒಣ ಮೈಗೆ ಫ್ಯಾನ್ ಬೀಸಿದರೆ ಬೀಸುವುದು ಝಳವನ್ನೇ.

ತಪ್ಪು ಆದದ್ದು ಓಆರ್‌ಎಸ್‌ನಲ್ಲಿ. ಗಡಿಬಿಡಿಯಲ್ಲಿ ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರು. ಸುಮಾರು 21 ಗ್ರಾಂನ ಪೊಟ್ಟಣ ಒಂದು ಲೀಟರ್ ನೀರಿಗೆ. 200 ಮಿಲಿಲೀಟರ್‌ನ ಸಣ್ಣ ಪೊಟ್ಟಣ ಬೇರೆ ಸಿಗುತ್ತದೆ, ಎರಡೂ ನೋಡಲು ಒಂದೇ ಥರ. ಐದು ಪಟ್ಟು ಗಟ್ಟಿಯಾದ ಉಪ್ಪಿನ ನೀರು ಮಗುವಿನ ರಕ್ತದ ಲವಣಾಂಶ ಏರಿಸಿ, ಇದ್ದ ತೊಂದರೆಯನ್ನು ದೊಡ್ಡದು ಮಾಡುತ್ತದೆ. ಒಂದು ಗುಟುಕು ನಾಲಿಗೆಗೆ ತಾಕಿಸಿ ನೋಡಿದ ಸಹಾಯಕಿಯೇ "ಭಾಳ ಉಪ್ಪದ" ಎಂದು ತಡೆದಳು. ಈಗ ಒಂದು ಲೀಟರ್ ಬಾಟಲಿಗೆ ಕೆಂಪು ಗೀಟು ಎಳೆದು ಪೊಟ್ಟಣಗಳನ್ನು ಅದರ ಕೊರಳಿಗೇ ರಬ್ಬರ್ ಹಾಕಿ ಕಟ್ಟಿಟ್ಟಿದ್ದಾರೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕದಡಿದ್ದನ್ನು 24 ಗಂಟೆಯ ಮೇಲೆ ಚೆಲ್ಲಬೇಕು. ಕಕ್ಕಿದ ಮಗುವಿಗೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಶುರು ಮಾಡಬೇಕು.

12:15ಕ್ಕೆ ಹುಡುಗ ಉಚ್ಚೆ ಹೊಯ್ದ, ನಗಾಡಿದ. ಆದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿದರು. ಅಲ್ಲಿ ತಾಯಿ ಹೇಳಿದ ಮೇಲೆ ಗೊತ್ತಾದದ್ದು, ಎರಡು ದಿನದ ಹಿಂದೆ ಅವನಿಗೆ ಭೇದಿಯಾಗಿತ್ತು. ಭೇದಿ, ಜ್ವರದಿಂದ ಈಗಷ್ಟೇ ಎದ್ದ ಮಗು ಉಳಿದವರಿಗಿಂತ ಮೊದಲೇ ಬಳಲುತ್ತದೆ. ಬಾಗಿಲಲ್ಲಿ "ಕೂಸಿಗಿ ಭೇದಿ, ಜ್ವರ ಏನರ ಆಗಿತ್ತೇನ್ರಿ?" ಎಂದು ದಿನಾ ಕೇಳುವ ರೂಢಿ ಅಲ್ಲಿಂದ ಶುರುವಾಯಿತು.

ಮಗು ಅಸಂಬದ್ಧ ಮಾತಾಡಿದರೆ, ಕರೆದರೆ ಓಗೊಡದಿದ್ದರೆ, ಫಿಟ್ಸ್ ಬಂದರೆ, ಮೈ 40 ಡಿಗ್ರಿ ಮುಟ್ಟಿದರೆ ಅದು ಉಷ್ಣಾಘಾತ. ಬೆವರು ನಿಂತಿರಲೇಬೇಕು ಎಂದೇನಿಲ್ಲ. ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಅದೇ ಕ್ಷಣದಿಂದ ಮೈಮೇಲೆ ನೀರು ಸುರಿದು ಬೀಸುತ್ತಿರಬೇಕು, ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆ ಬಟ್ಟೆ ಇಡಬೇಕು. ಆಂಬ್ಯುಲೆನ್ಸ್ ಬರುವ ತನಕ ಕಾಯುತ್ತ ಕೂರುವುದೇ ಜೀವ ತೆಗೆಯುವ ತಪ್ಪು. ಎಚ್ಚರವಿಲ್ಲದ ಬಾಯಿಗೆ ನೀರು ಹಾಕಬಾರದು. ಜ್ವರದ ಸಿರಪ್ ಈ ಕಾವಿಗೆ ಕೆಲಸ ಮಾಡುವುದಿಲ್ಲ.

ಮನೆಯ ದಾರಿ

ಮೇಲ್ವಿಚಾರಕಿಯ ಒಪ್ಪಿಗೆ ಪಡೆದು ಊಟವನ್ನು 10:40ಕ್ಕೆ ತಂದು 11:15ಕ್ಕೆ ಬಿಡುವಂತೆ ಮಾಡಿದರು. ಒಂದು ತಾಸಿನಿಂದ ಏನು ಮಹಾ ಎನ್ನಬಹುದು. 11:15ಕ್ಕೆ ಸೂರ್ಯ ಇನ್ನೂ ಮೂಡಣದ ಕಡೆ ಇರುವುದರಿಂದ, ಉತ್ತರ ದಕ್ಷಿಣವಾಗಿ ಹೋಗುವ ಓಣಿಯಲ್ಲಿ ಮೂಡಣ ಬದಿಯ ಹತ್ತಡಿ ಗೋಡೆ ಮೂರಡಿ ನೆರಳು ಚೆಲ್ಲುತ್ತದೆ. ಒಂದು ಮಗು, ಒಬ್ಬ ಅಜ್ಜಿ ಸಾಲಾಗಿ ನಡೆಯುವಷ್ಟು. 12:20ಕ್ಕೆ ಅದೇ ಗೋಡೆ ಏನೂ ಕೊಡುವುದಿಲ್ಲ. ಬಯಲು ರಸ್ತೆ ದಾಟುವ ಮಕ್ಕಳನ್ನು ದೊಡ್ಡವರು ಬರುವ ತನಕ ಬಿಡಲಿಲ್ಲ.

ತಲೆಗೆ ಹಳೆಯ ಹತ್ತಿ ಸೀರೆ ಹರಿದು ಮಾಡಿದ ಮುಕ್ಕಾಲು ಮೀಟರಿನ ಚೌಕ. ಕ್ರಿಕೆಟ್ ಟೋಪಿ ಹಣೆಗಷ್ಟೇ, ಕಿವಿ ಕತ್ತು ಬಯಲು. ಚೌಕವನ್ನು ಒದ್ದೆ ಮಾಡಿ ಹಿಂಡಿ, ಕಿವಿ ಕತ್ತು ಮುಚ್ಚುವಂತೆ ಹೊದಿಸಿ ಗಂಟು ಹಿಂದಕ್ಕೆ ಹಾಕಬೇಕು. ಗದ್ದದ ಕೆಳಗೆ ಹಾಕಿದ ಗಂಟು ಜಾರುಬಂಡಿಗೆ, ಕೊಂಬೆಗೆ ಸಿಕ್ಕರೆ ಉರುಲಾಗುತ್ತದೆ. ಈ ಹವೆಯಲ್ಲಿ ಬಟ್ಟೆ ಹತ್ತು ಹದಿನೈದು ನಿಮಿಷಕ್ಕೆ ಒಣಗುತ್ತದೆ. ಮನೆ ಅದಕ್ಕಿಂತ ದೂರವಿದ್ದವರಿಗೆ ದಾರಿಯ ನಡುವೆ ಹನುಮಂತ ದೇವರ ಗುಡಿಯ ಅರವಟಿಗೆಯಲ್ಲಿ ಮತ್ತೊಮ್ಮೆ ಅದ್ದಿಕೊಳ್ಳಲು ಹೇಳಿದರು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1981ರಲ್ಲಿ ಅಂಗಿ ತೊಡು, ಸನ್‌ಸ್ಕ್ರೀನ್ ಬಳಿ, ಟೋಪಿ ಹಾಕು ಎಂಬ ಮೂರು ಮಾತಿನ ಪ್ರಚಾರ ಶುರುವಾಯಿತು, ಮುಂದೆ ನೆರಳು ಹುಡುಕು, ಕನ್ನಡಕ ಹಾಕು ಎಂಬೆರಡು ಸೇರಿದವು. ಅಲ್ಲಿನ ಬಿಳಿ ಚರ್ಮಕ್ಕೆ ಚರ್ಮದ ಕ್ಯಾನ್ಸರ್ ದೊಡ್ಡ ಭಯ, ಆ ಕ್ರಮ ಅದಕ್ಕೆ ತಕ್ಕುದು. ನಮ್ಮಲ್ಲಿ ನೆರಳು ಮೊದಲು, ನೀರು ಆಮೇಲೆ, ಬಟ್ಟೆ ಮೂರನೆಯದು. ತಾಯಂದಿರ ಸಭೆಯಲ್ಲಿ ಸನ್‌ಸ್ಕ್ರೀನ್ ಬಗ್ಗೆ ಪ್ರಶ್ನೆ ಬಂತು. ಆರು ತಿಂಗಳೊಳಗಿನ ಕೂಸಿಗೆ ಬೇಡ. ದೊಡ್ಡ ಮಕ್ಕಳಿಗೆ ಹಚ್ಚಬಹುದು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು, ಆದರೆ ಅದು ಮೈಯ ಕಾವನ್ನು ಒಂದಿಷ್ಟೂ ಇಳಿಸುವುದಿಲ್ಲ. ಒಬ್ಬ ಅಜ್ಜಿ ಝಳ ತಾಗದಿರಲೆಂದು ಮೊಮ್ಮಗನ ಕಿಸೆಯಲ್ಲಿ ಉಳ್ಳಾಗಡ್ಡಿ (ಈರುಳ್ಳಿ) ಇಟ್ಟು ಕಳಿಸುತ್ತಿದ್ದರು. ಕಿಸೆಯಲ್ಲಿದ್ದರೆ ಅದು ಏನೂ ಮಾಡದು. ಅದನ್ನು ಹೆಚ್ಚಿ ಮಜ್ಜಿಗೆಗೋ ಜೋಳದ ಅಂಬಲಿಗೋ ಹಾಕಿ ಉಪ್ಪು ಸೇರಿಸಿ ಕುಡಿಸಿದರೆ ನೀರು, ಲವಣ ಎರಡೂ ಸೇರುತ್ತವೆ ಎಂದಾಗ ಅಜ್ಜಿ ಒಪ್ಪಿದರು. ಮಾರನೆಯ ದಿನ ಎಲ್ಲ ಮಕ್ಕಳಿಗೂ ಆಗುವಷ್ಟು ಮಜ್ಜಿಗೆ ತಾವೇ ತಂದರು.

ಜಾರುಬಂಡಿ ಮಾತ್ರ ಇದ್ದಲ್ಲೇ ಇದೆ. ಸದ್ಯಕ್ಕೆ 9 ಗಂಟೆಯಿಂದ ಅದರ ಏಣಿಗೆ ಗೋಣಿಚೀಲ ಸುತ್ತಿ ಹಗ್ಗ ಕಟ್ಟುತ್ತಾರೆ. ಬೇವಿನ ಬುಡದ ಪಡುವಣಕ್ಕೆ ಸರಿಸಬೇಕೆಂದಿದೆ. ಏಪ್ರಿಲ್‌ನಲ್ಲಿ ಎರೆಮಣ್ಣು ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ, ಈಗ ಕಾಂಕ್ರೀಟ್ ಹಾಕಿ ಕಂಬ ನಿಲ್ಲಿಸಿದರೆ ಮಳೆಗೆ ಮಣ್ಣು ಉಬ್ಬಿ ಕಂಬ ಓರೆಯಾಗುತ್ತದೆ. ಎರೆ ದಾಟಿ ಮೊರಂ (ಗಟ್ಟಿ ಗರಸು ಮಣ್ಣು) ಸಿಗುವ ತನಕ ಗುಂಡಿ ತೋಡಬೇಕು, ಅದು ಒಂದೆರಡು ಮಳೆ ಬಿದ್ದು ನೆಲ ಮೆತ್ತಗಾದ ಮೇಲಿನ ಕೆಲಸ.